ಹುಣಸೆಹಣ್ಣಿಲ್ಲದ ಪತ್ರೊಡೆ

ಕೆಸುವಿನ ಎಲೆಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಪಾಠ ಹೇಳುವವಳೇ ನಾನು! ಇಪ್ಪತ್ತೆರಡು ವರ್ಷಗಳಿಂದ ಪಿಯು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. "ಗಿಡಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಅದಕ್ಕೇ ಅದು ಮೈಯೊಳಗೆ ಆಯುಧ ಇಟ್ಟುಕೊಂಡಿರುತ್ತದೆ" ಎಂದು ಪ್ರತಿವರ್ಷ ಅದೇ ಮಾತು, ಅದೇ ಜಾಗದಲ್ಲಿ ಅದೇ ನಗು. ಹಾಗಲದ ಕಹಿ, ಸಾಸಿವೆಯ ಘಾಟು, ಹಸಿರುಗಟ್ಟಿದ ಆಲೂಗಡ್ಡೆಯ ವಿಷ, ಬಿದಿರಿನ ಕಳಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸುವ ಕಾರಣ, ಎಲ್ಲವೂ ನನಗೆ ಕಂಠಪಾಠ. ಕೆಸುವಿನಲ್ಲಂತೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು. ಕಣ್ಣಿಗೆ ಕಾಣದಷ್ಟು ಸಣ್ಣವು, ಕಟ್ಟುಕಟ್ಟಾಗಿರುತ್ತವೆ, ತಿಂದವರ ಗಂಟಲಿಗೆ ಚುಚ್ಚುತ್ತವೆ. ಅವನ್ನು ಬೋರ್ಡಿನ ಮೇಲೆ ನನ್ನಷ್ಟು ಚೆಂದ ಬಿಡಿಸುವವರು ಇಡೀ ಶಿವಮೊಗ್ಗದಲ್ಲಿ ಇಲ್ಲವೆಂದು ನನ್ನ ವಿನಮ್ರ ನಂಬಿಕೆ.

ಹೋದ ಮಳೆಗಾಲ ಅಮ್ಮನ ಮೊದಲ ವರ್ಷದ ತಿಥಿ ಬಂತು. ಅಮ್ಮ ಕೊನೆಯ ಆರು ವರ್ಷ ಇದ್ದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಕಾರ್ಖಾನೆಯಿಂದ ನಿವೃತ್ತನಾದ ಅಣ್ಣನ ಮನೆಯಲ್ಲಿ. ಎತ್ತಿದ್ದು, ಇಳಿಸಿದ್ದು, ಉಣ್ಣಿಸಿದ್ದು ಎಲ್ಲ ಅತ್ತಿಗೆ. ನಾನು ಶಿವಮೊಗ್ಗದ ದುರ್ಗಿಗುಡಿಯಿಂದ ಪ್ರತಿ ಭಾನುವಾರ ಹೋಗುತ್ತಿದ್ದೆ ಎಂದು ಇಲ್ಲಿ ಬರೆಯಹೊರಟೆ. ಅನುಮಾನ ಬಂದು ಡೈರಿ ತೆಗೆದು ನೋಡಿದರೆ ತಿಂಗಳಿಗೊಂದು ಭಾನುವಾರ. ಕೆಲವು ತಿಂಗಳು ಅದೂ ಇಲ್ಲ.

ನಮ್ಮಲ್ಲಿ ಸತ್ತವರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದ ತಿನಿಸೆಲ್ಲ ಎಲೆಯ ಮೇಲೆ ಇರಬೇಕು. ಅಣ್ಣ ಫೋನ್ ಮಾಡಿದ. "ಸುಮಿ, ಅಡಿಗೆ ನಿಮ್ಮ ಅತ್ತಿಗೆ ಮಾಡ್ತಾಳೆ. ಅಮ್ಮಂಗೆ ಇಷ್ಟ ಅಂತ ನಿಂಗೆ ನೆನಪಿರೋದು ಒಂದು ಮಾಡ್ಕೊಂಡು ಬಾ."

ಅವನು ಸಹಜವಾಗಿಯೇ ಹೇಳಿದ್ದು. ನನಗೆ ಮಾತ್ರ ಅದು ಪ್ರಶ್ನೆಪತ್ರಿಕೆಯಂತೆ ಕೇಳಿಸಿತು. ಒಂದೇ ಪ್ರಶ್ನೆ, ಕಡ್ಡಾಯ. ಮಗಳೆನಿಸಿಕೊಳ್ಳಲು ಉಳಿದಿದ್ದ ಕೊನೆಯ ಅವಕಾಶ. ಎರಡು ದಿನ ಯೋಚಿಸಿದೆ. ಅಮ್ಮ ನಮಗೆ ಬಡಿಸುವುದು ಕಣ್ಣಿಗೆ ಕಟ್ಟುತ್ತಿತ್ತು. ಅಮ್ಮ ಉಣ್ಣುವುದು ನೆನಪಿಗೆ ಬರಲೇ ಇಲ್ಲ!

ಕೊನೆಗೆ ಕಾಲೇಜು ದಿನಗಳ ಡೈರಿಯಲ್ಲಿ ಒಂದು ಸಾಲು ಸಿಕ್ಕಿತು. "ಇವತ್ತು ಅಮ್ಮ ಪತ್ರೊಡೆ ಮಾಡಿದ್ದಳು. ಒಂದೂ ಉಳಿಯಲಿಲ್ಲ." ಸಾಕ್ಷಿ ಸಿಕ್ಕಿತಲ್ಲ! ಅಷ್ಟು ಇಷ್ಟಪಟ್ಟು ತಿನ್ನುತ್ತಿದ್ದಳು ಅಮ್ಮ. ಕಣ್ಣು ತುಂಬಿ ಬಂತು.

ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಮಾರುಕಟ್ಟೆಯಲ್ಲಿ ಅಂದು ಇರಲಿಲ್ಲ. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ, ಚರಂಡಿಯ ಪಕ್ಕ, ಛತ್ರಿಯಷ್ಟು ಅಗಲದ ಎಲೆಗಳಿದ್ದವು. ಕೊಯ್ದು ತಂದೆ. ನನ್ನ ಗಂಡ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಮಾರಾಯ್ತಿ, ಇದು ತಿನ್ನೋ ಕೆಸುನಾ?"

"ರೀ, ನಾನು ಎಂ.ಎಸ್ಸಿ. ಬಾಟನಿ."

"ಅದು ನಂಗೆ ಗೊತ್ತು. ಎಲೆಗೆ ಗೊತ್ತಾ?"

ಇಂಥ ಮಾತಿಗೆ ಉತ್ತರ ಕೊಡುವುದು ವಿದ್ಯಾವಂತರ ಲಕ್ಷಣವಲ್ಲ. ಅಕ್ಕಿ ನೆನೆಹಾಕಿದೆ, ಮೆಣಸಿನಕಾಯಿ ಹುರಿದೆ, ಹುಣಸೆಹಣ್ಣನ್ನು ಬಟ್ಟಲಲ್ಲಿ ಕಿವುಚಿದೆ. ಆಗ ಸಕ್ಕರೆ ಕೇಳಲು ಬಂದರು ಮಹಡಿ ಮನೆಯ ಪದ್ಮಕ್ಕ.

"ಏನೇ ಸುಮಾ, ಇಷ್ಟೊಂದು ಸಂಭ್ರಮ?"

"ನಾಳೆ ಅಮ್ಮನ ತಿಥಿ ಪದ್ಮಕ್ಕ."

"ತಿಥಿ ಅಡಿಗೆಗೆ ಹುಣಸೆಹುಳಿನಾ? ನಮ್ಮನೇಲಿ ಮುಟ್ಟೋದೇ ಇಲ್ಲಪ್ಪ."

ಅವರು ಹೇಳಿದ್ದು ಅವರ ಮನೆಯ ಪದ್ಧತಿ. ನಮ್ಮ ಮನೆಯಲ್ಲಿ ಅಂಥ ನಿಯಮ ಯಾವ ಕಾಲಕ್ಕೂ ಇರಲಿಲ್ಲ. ಅಣ್ಣನಿಗೊಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ನನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ! ಬಟ್ಟಲನ್ನು ಸಿಂಕಿಗೆ ಸುರಿದೆ.

ಕೆಸುವಿನ ಸೂಜಿ ಬರಿಯ ಬಿಸಿಗೆ ಬಗ್ಗುವುದಿಲ್ಲ, ಅದಕ್ಕೆ ಹುಳಿ ಬೇಕು ಎಂಬುದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿದ್ದ ಸಂಗತಿ. ನನಗೆ ಸೂಜಿ ಗೊತ್ತಿತ್ತು. ಸಿಲಬಸ್ಸಿನಲ್ಲಿ ಹುಣಸೆಹಣ್ಣು ಇರಲಿಲ್ಲ.

ಹಿಟ್ಟು ಸವರಿ ಎಲೆ ಸುತ್ತುವಷ್ಟರಲ್ಲಿ ಕೈ ತುರಿಸತೊಡಗಿತು.

"ಯಾಕೆ ಕೈ ಕೆರ್ಕೊಳ್ತಿದೀಯ?" ಗಂಡ ಕೇಳಿದರು.

"ಹೊಸ ಸೋಪು ಕಣ್ರೀ, ಆಗ್ತಿಲ್ಲ."

"ಒಂದು ಚೂರು ತಿಂದು ನೋಡು ಮಾರಾಯ್ತಿ."

"ಎಡೆಗೆ ಇಡೋದನ್ನ ಯಾರಾದ್ರೂ ಮೊದಲೇ ಎಂಜಲು ಮಾಡ್ತಾರಾ!"

ಈ ನಿಯಮ ಮಾತ್ರ ನಮ್ಮದೇ. ಹೀಗೆ ಎರಡು ಮನೆಯ ಶಾಸ್ತ್ರಗಳು ಕೈಜೋಡಿಸಿದವು. ಇನ್ನೊಂದು ಗಂಟೆ ಹೆಚ್ಚಿಗೆ ಬೇಯಿಸಿ, ಡಬ್ಬಿಗೆ ತುಂಬಿ, ಮರುದಿನ ಬೆಳಿಗ್ಗೆ ಗಂಡನೊಂದಿಗೆ ಭದ್ರಾವತಿ ಬಸ್ಸು ಹತ್ತಿದೆ.

ಅಣ್ಣನ ಮನೆಯಲ್ಲಿ ಅಮ್ಮನ ಫೋಟೋದ ಮುಂದೆ ಬಾಳೆ ಎಲೆ ತುಂಬಿತ್ತು. ಅನ್ನ, ಸಾರು, ವಡೆ, ಪಾಯಸ. ಮಧ್ಯದಲ್ಲಿ ಬೇಕರಿಯ ದಿಲ್‌ಪಸಂದಿನ ಒಂದು ತುಂಡು!

"ಅಯ್ಯೋ, ಎಡೆಗೆ ಬೇಕರಿ ತಿಂಡಿ ಯಾರಿಟ್ಟಿದ್ದು?" ಎಂದು ಅದನ್ನು ತೆಗೆದು ಕಿಟಕಿಯ ಮೇಲಿಟ್ಟೆ. ಆ ಜಾಗದಲ್ಲಿ ನನ್ನ ಪತ್ರೊಡೆ ಇಟ್ಟೆ. ಅತ್ತಿಗೆ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಅವಳು ಮೊದಲಿನಿಂದಲೂ ಹಾಗೆ. ಆರು ವರ್ಷ ಅವಳ ಮೌನವನ್ನು ನಾನು ಒಪ್ಪಿಗೆ ಎಂದೇ ತಿಳಿದಿದ್ದೆ.

ಹಿರಿಯರು ಬಂದು ಉಣ್ಣಲೆಂದು ಐದು ನಿಮಿಷ ಬಾಗಿಲು ಮುಚ್ಚಿ, ತೆರೆದು, ಒಂದು ಪಾಲನ್ನು ಮಾಳಿಗೆಯ ಮೇಲೆ ಕಾಗೆಗೆ ಇಟ್ಟೆವು. ಕಾಗೆ ತಕ್ಷಣ ಬಂತು. ಅನ್ನ ತಿಂದಿತು, ವಡೆ ತಿಂದಿತು, ಪತ್ರೊಡೆಯನ್ನು ಒಮ್ಮೆ ಕುಕ್ಕಿತು. ಆಮೇಲೆ ಕೊಕ್ಕನ್ನು ಗೋಡೆಗೆ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಒರೆಸಿತು. ಒರೆಸುತ್ತಲೇ ಇತ್ತು.

"ನೋಡಣ್ಣ, ಅಮ್ಮ ತೃಪ್ತಿಯಾಗಿ ಬಾಯಿ ಒರೆಸ್ಕೊಂಡಳು" ಎಂದೆ ನಾನು!

ಊಟಕ್ಕೆ ಕುಳಿತೆವು. ಅಣ್ಣ ಗೌರವದಿಂದ ಮೊದಲು ಪತ್ರೊಡೆಯನ್ನೇ ಬಾಯಿಗಿಟ್ಟ. ಎರಡನೇ ತುತ್ತಿಗೆ ಅವನ ಮುಖ ಕೆಂಪಾಯಿತು. "ಸುಮಿ..." ಎಂದ. ಮುಂದಿನದು ಕೆಮ್ಮು. ನನ್ನ ಗಂಡ ನಾಲಿಗೆ ಹೊರಚಾಚಿ ಬೀಸಣಿಗೆ ಹುಡುಕಿದರು. ಅತ್ತಿಗೆ ಗಂಟಲು ಹಿಡಿದುಕೊಂಡು ಅಡುಗೆಮನೆಗೆ ಓಡಿದಳು. ನನ್ನ ಗಂಟಲಲ್ಲಿ, ಬೋರ್ಡಿನ ಮೇಲೆ ಇಪ್ಪತ್ತೆರಡು ವರ್ಷ ಬಿಡಿಸಿದ ಸೂಜಿಗಳೆಲ್ಲ ಒಟ್ಟಿಗೆ ನೆಟ್ಟವು. ಎಲ್ಲರ ಕಣ್ಣಲ್ಲೂ ಮೂಗಲ್ಲೂ ನೀರು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ ತನ್ನ ಗಂಡನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ವರ್ಷ ಆದ್ರೂ ತಾಯಿನ ನೆನೆಸ್ಕೊಂಡು ಹೆಂಗೆ ಅಳ್ತಾವ್ರೆ ನೋಡಿ, ಪಾಪ!"

ಅತ್ತಿಗೆ ಮಜ್ಜಿಗೆ ತಂದಳು, ಬೆಲ್ಲ ತಂದಳು, ಎಲ್ಲರ ಕೈಗೂ ಒಂದೊಂದು ಹುಣಸೆಹಣ್ಣಿನ ಉಂಡೆ ಕೊಟ್ಟಳು. ಪತ್ರೊಡೆಯನ್ನು ಮುಟ್ಟದೆ ಕೂತಿದ್ದವರು ಕುಂಸಿಯಿಂದ ಬಂದ ಚಿಕ್ಕಮ್ಮ, ಅಮ್ಮನ ತಂಗಿ, ಒಬ್ಬರೇ.

"ನೀವು ಹೆಂಗೆ ತಪ್ಪಿಸ್ಕೊಂಡ್ರಿ ಚಿಕ್ಕಮ್ಮ?" ಅಣ್ಣ ಕೀರಲು ದನಿಯಲ್ಲಿ ಕೇಳಿದ.

"ನಂಗೂ ಅಕ್ಕನಿಗೂ ಕೆಸು ಅಂದ್ರೆ ಆಗಲ್ಲ ಕಣೋ. ಎಷ್ಟು ಹುಳಿ ಹಾಕಿದ್ರೂ ಗಂಟಲು ಹಿಡಿಯುತ್ತೆ."

ನಾನು ಹುಣಸೆಹಣ್ಣನ್ನು ದವಡೆಗೆ ಸರಿಸಿ ಕೇಳಿದೆ. "ಅಮ್ಮ ಪತ್ರೊಡೆ ಮಾಡ್ತಿದ್ಲಲ್ಲ, ಚಿಕ್ಕಮ್ಮ? ಒಂದೂ ಉಳೀತಿರಲಿಲ್ಲ."

"ನೀವು ಉಳಿಸಿದ್ರೆ ತಾನೆ ಉಳಿಯೋದು! ನಿಮ್ಮಪ್ಪ, ನೀವಿಬ್ಬರು ತಿಂತಿದ್ರಿ. ಅವಳು ಅವತ್ತು ಮಜ್ಜಿಗೆ ಅನ್ನ ಉಂಡು ಮಲಗೋಳು."

ಅತ್ತಿಗೆ ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕುತ್ತಾ ಹೇಳಿದಳು. "ಅತ್ತೆಗೆ ಕೊನೆಕೊನೆಗೆ ದಿಲ್‌ಪಸಂದ್ ಅಂದ್ರೆ ಆಸೆ ಇತ್ತು ಸುಮಾ. ಸಾಯಂಕಾಲ ಟೀ ಜೊತೆ ಅರ್ಧ ತುಂಡು. 'ಸುಮಿಗೆ ಹೇಳಬೇಡ, ಶುಗರ್ ಅಂತ ಬೈತಾಳೆ' ಅಂತಿದ್ರು."

ನಿಜ, ಬೈದಿದ್ದೆ. ಅದು ಡೈರಿಯಲ್ಲಿಲ್ಲ.

ಎದ್ದು ಹೋಗಿ ಕಿಟಕಿಯ ಮೇಲಿದ್ದ ತುಂಡನ್ನು ತಂದೆ. ಆಗಲೇ ಇರುವೆಗಳು ಮುತ್ತಿದ್ದವು, ಊದಿದೆ. ಎಡೆಯ ಮೇಲಿದ್ದ ಪತ್ರೊಡೆ ತೆಗೆದು ಅದನ್ನಿಟ್ಟೆ. ಅಣ್ಣ ಇನ್ನೊಮ್ಮೆ ಬಾಗಿಲು ಮುಚ್ಚಿದ. ಹೊರಗೆ ಐದು ನಿಮಿಷ ನಾವೆಲ್ಲ ಹುಣಸೆಹಣ್ಣು ಚೀಪುತ್ತಾ ನಿಂತಿದ್ದೆವು.

ಹೊರಡುವಾಗ ಅಣ್ಣ ಮುಂದಿನ ವರ್ಷದ ಕೆಲಸ ಹಂಚಿದ. ಅತ್ತಿಗೆಗೆ ಅಡಿಗೆ, ಅವನಿಗೆ ಸಾಮಾನು, ನನಗೆ ಊಟದ ಬಾಳೆ ಎಲೆ ತರುವುದು. ಅಷ್ಟೇ!

"ಚೆನ್ನಾಗಿ ನೋಡಿ ತರ್ತೀನಣ್ಣ" ಎಂದೆ.

"ನಾನೂ ಜೊತೆಗೆ ಹೋಗ್ತೀನಿ ಭಾವ" ಎಂದರು ನನ್ನ ಗಂಡ. "ಅದು ಬಾಳೆನೇ ಹೌದಾ ಅಂತ ನೋಡೋಕೆ ಒಬ್ಬರು ಬೇಕಲ್ಲ."