ಢಂ ಎನ್ನದ ರಿವಾಲ್ವರಿನ ಚಿಕಿತ್ಸೆ

ನಮ್ಮ ಮನೆತನಕ್ಕೆ ಡಿಗ್ರಿ ಎಂಬ ವಸ್ತುವನ್ನು ಮೊದಲು ತಂದವನು ನಾನು. ನಮ್ಮ ಹಳ್ಳಿ ಸುರೇಬಾನದಿಂದ ದಿನಾ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಾಲೇಜಿಗೆ ಹೋಗಿ ತಂದದ್ದು. ಆದ್ದರಿಂದ ಯಾವ ಯಂತ್ರವೂ ನನ್ನ ಮುಂದೆ ಬಹಳ ಹೊತ್ತು ಹಟ ಹಿಡಿಯಲಾರದು ಎಂದು ನಂಬಿದ್ದೆ. ನನ್ನ ವಿಷಯ ಇತಿಹಾಸ ಎಂಬುದು ಬೇರೆ ಮಾತು!

ನಾನು ಬೈಲಹೊಂಗಲದಲ್ಲಿ ಕಾಲೇಜು ಮಾಸ್ತರ. ಹೆಂಡತಿ ಶಿವಲೀಲಾ ರಾಮದುರ್ಗದ ಆಸ್ಪತ್ರೆಯಲ್ಲಿ ನರ್ಸ್. ವರ್ಗಾವಣೆ ಆಗುವ ತನಕ ಅವಳು ಅಲ್ಲಿ, ನಾನು ಇಲ್ಲಿ. ಸಂಜೆಗೊಮ್ಮೆ ಫೋನು.

"ಉಂಡ್ರಿ?"

"ಉಂಡೆ."

"ಗುಳಿಗಿ ತಗೊಂಡ್ರಿ?"

"ತಗೊಂಡೆ."

ಮುಗಿಯಿತು ಸಂಸಾರ! ಉಳಿದ ಹೊತ್ತು ಕಳೆಯಲೆಂದೇ ಲೈಸೆನ್ಸ್ ಮಾಡಿಸಿ, ಗುರಿ ಹೊಡೆಯುವ ಆಟಕ್ಕೆ ಒಂದು ರಿವಾಲ್ವರ್ ಕೊಂಡಿದ್ದೆ.

ದಸರೆಗೆ ಆಯುಧಗಳಿಗೆ ಮಾಡುವ ಖಂಡೇಪೂಜೆಯನ್ನು ಅದಕ್ಕೂ ಮಾಡಿ ಮುಗಿಸಿ, ಗುರಿ ಹೊಡೆಯುವ ರೇಂಜಿಗೆ ಹೋದರೆ ಅದು "ಢಂ" ಎನ್ನುವ ಬದಲು "ಟಕ್" ಎಂದಿತು. ಗುಂಡಿನ ಬೆನ್ನಿಗೆ ಜೋರಾಗಿ ಬಡಿದು ಸಿಡಿಸಬೇಕಾದ ಹ್ಯಾಮರ್, ಮಲಗಿದ ಕೂಸನ್ನು ತಟ್ಟಿದಂತೆ ತಟ್ಟಿತ್ತು. ರೇಂಜಿನ ಕೋಚ್ ನೋಡಿ, "ಪೆಟ್ಟು ಹಗುರ ಬೀಳಾಕತ್ತೈತ್ರಿ ಸರ. ಬೆಳಗಾವಿಗೆ ಒಯ್ದು ರಿಪೇರಿಯವರಿಗೆ ತೋರಸ್ರಿ" ಎಂದರು. ನಾನು ನಕ್ಕೆ. ಡಿಗ್ರಿ ಯಾತಕ್ಕಿದೆ?

ಆ ಸಂಜೆ ಫೋನಿನಲ್ಲಿ ಹೇಳಿದೆ. "ರಿವಾಲ್ವರ್ ಢಂ ಅನ್ನವಲ್ದು."

"ಅಯ್ಯ, ಯಾವಾಗಿಂದ್ರಿ? ಹೊಟ್ಟ್ಯಾಗ ಏನರ ಸಿಕ್ಕೊಂಡೈತೇನ ನೋಡ್ರಿ."

"ಅದೇನ ನಿಮ್ಮ ವಾರ್ಡಿನ ಪೇಶಂಟ್ ಅಂದ್ಕೊಂಡೀ ಏನ?"

ಶಿವಲೀಲಾ ನಕ್ಕಳು. ಮಾತು ಊಟ, ಗುಳಿಗೆಗಳನ್ನು ದಾಟಿ ಬಹಳ ದೂರ ಹೋಯಿತು. ಈ ಮನೆಯಲ್ಲಿ ಟಿ.ವಿ.ಯದ್ದಲ್ಲದ ನಗು ಕೇಳಿ ಎಷ್ಟು ದಿನವಾಗಿತ್ತು!

ಚಿಕಿತ್ಸೆ ಆರಂಭವಾಯಿತು. ಮೊದಲು ಗುಂಡುಗಳ ಮೇಲೆ ಆರೋಪ ಹೊರಿಸಿ ಬೇರೆ ತಂದೆ. ಟಕ್! ಹೊಲಿಗೆ ಮಷಿನ್ ಎಣ್ಣೆ ಬಿಟ್ಟೆ. ಭಜಿ ಕರಿಯಬಹುದಾದಷ್ಟು ಬಿಟ್ಟೆ. ಟಕ್! ಸ್ಪ್ರಿಂಗಿನ ಸ್ಕ್ರೂ ಬಿಗಿ ಮಾಡಿದೆ. ಹ್ಯಾಮರ್ ಎಳೆಯಲು ಎರಡೂ ಹೆಬ್ಬೆರಳು ಸಾಲಲಿಲ್ಲ. ಸಡಿಲು ಮಾಡಿದೆ, ಸ್ಕ್ರೂ ಹಾರಿ ಕಪಾಟಿನ ಕೆಳಗೆ ಹೋಯಿತು. ನಾನು ಹೊಟ್ಟೆ ಮೇಲೆ ಮಲಗಿ ತಡಕಾಡುವಾಗ ಪಕ್ಕದ ಮನೆಯ ಗಂಗವ್ವ ಕಿಟಕಿಯಲ್ಲಿ ಹಣಿಕಿದಳು.

"ಮಾಸ್ತರ, ನೆಲಾ ಯಾಕ ಮೂಸಾಕತ್ತೀರಿ?"

"ಇತಿಹಾಸ ಹುಡಕಾಕತ್ತೇನಿ, ಗಂಗವ್ವಾ!"

ಸ್ಕ್ರೂ ಸಿಕ್ಕಿತು. ಆದರೆ ಸಂಜೆ ಫೋನಿನಲ್ಲಿ ಇದನ್ನೆಲ್ಲ ಕೇಳಿ ಶಿವಲೀಲಾ ಗಾಬರಿಯಾದಳು. "ಇನ್ನ ಅದಕ್ಕ ಕೈ ಹಚ್ಚಬ್ಯಾಡ್ರಿ! ಶನಿವಾರ ರಜಾ ಹಾಕಿ ನಾನ ಬರತೇನಿ. ಇಬ್ಬರೂ ಕೂಡಿ ಬೆಳಗಾವಿಗೆ ಒಯ್ಯೂಣು. ಬರೂ ಮುಂದ ಸಿಹಿ ತಿನ್ನಾಕ ಮಾದ್ಲಿ ಮಾಡಿ ತರತೇನಿ."

ನಾನು ಚಾದರ ಒಗೆದೆ. ಬೋರಲು ಹಾಕಿಟ್ಟಿದ್ದ ಎರಡನೆಯ ಚಹಾ ಕಪ್ಪಿನ ಧೂಳು ತೊಳೆದೆ. ಅಲ್ಲಿಗೆ ಸುಮ್ಮನೆ ಕೂತಿದ್ದರೆ ನನ್ನಂಥ ಜಾಣನಿರಲಿಲ್ಲ.

ಶುಕ್ರವಾರ ಮುಂಜಾನೆ ಡಿಗ್ರಿ ಎಚ್ಚರವಾಯಿತು. ಹೆಂಡತಿ ಬರುವುದರೊಳಗೆ ಸರಿಮಾಡಿ ತೋರಿಸಬೇಡವೇ? ರಿವಾಲ್ವರ್ ಖಾಲಿ ಇದೆಯೆಂದು ನೋಡಿ, ಬದಿಯ ತಗಡು ಬಿಚ್ಚಿದೆ. ಒಳಗೆ ವಿಭೂತಿ, ಕುಂಕುಮ, ಎಣ್ಣೆ ಕೂಡಿದ ಕೆಂಪು ರಾಡಿ. ಅದರ ನಡುವೆ, ಹ್ಯಾಮರ್ ಪೂರ್ತಿ ಬೀಳದಂತೆ ಅಡ್ಡ ಕೂತಿತ್ತು ಒಂದು ಅಕ್ಕಿಕಾಳು!

ಪೂಜೆಯ ದಿನ ಅವಳು ಫೋನಿನಲ್ಲಿ, "ಎರಡ ಕಾಳು ಅಕ್ಷತಿ ಹಾಕ್ರಿ, ಸಾಕು" ಎಂದಿದ್ದಳು. ಒಬ್ಬನೇ ಇದ್ದೆನಲ್ಲ, ಅವಳ ಪಾಲಿನದನ್ನೂ ಸೇರಿಸಿ ಬೊಗಸೆ ತುಂಬ ಹಾಕಿದ್ದೆ.

ಕಾಳು ತೆಗೆದು ಮೇಜಿನ ಮೇಲಿಟ್ಟೆ. ಒರೆಸಿ, ಜೋಡಿಸಿ, ರೇಂಜಿಗೆ ಓಡಿದೆ. ಢಂ! ಢಂ! ಒಂದೂ ತಪ್ಪಲಿಲ್ಲ. ಅಲ್ಲಿಂದಲೇ ಫೋನು ಮಾಡಿದೆ.

"ಶಿವಲೀಲಾ, ನಾನ ರಿಪೇರಿ ಮಾಡಿದೆ! ಒಬ್ಬನ!"

"ಹೌದ್ರಿ? ಛಲೋ ಆತ ಬಿಡ್ರಿ! ಹಂಗಾರ ನಾಳೆ ನಾ ಬರೂದಿಲ್ಲ. ಇಲ್ಲಿ ಡ್ಯೂಟಿಗೆ ಮಂದಿ ಕಮ್ಮಿ ಅದಾರ. ಉಂಡ್ರಿ?"

"ಉಂಡೆ."

"ಗುಳಿಗಿ?"

"ತಗೊಂಡೆ."

ಮನೆಗೆ ಬಂದವನೇ ಮೇಜಿನ ಹತ್ತಿರ ಹೋದೆ. ಕಾಳನ್ನು ಮತ್ತೆ ರಿವಾಲ್ವರಿನೊಳಗೆ ಅದರ ಜಾಗದಲ್ಲಿಟ್ಟರೆ ಹೇಗೆ? ಕಾಳು ಅಲ್ಲಿರಲಿಲ್ಲ. ಒಂದು ಇರುವೆ ಅದನ್ನು ಹೊತ್ತು ಗೋಡೆ ಹತ್ತುತ್ತಿತ್ತು. ಅದು ಯಾವ ಡಿಗ್ರಿಯನ್ನೂ ಮಾಡಿರಲಿಕ್ಕಿಲ್ಲ. ಆದರೆ ಮನೆಯಲ್ಲಿ ಅದಕ್ಕಾಗಿ ಕಾಯುವವರಿದ್ದರು.