ಹಕೀಮ್ ಬಿಲ್ಲು ಮಾರಿದ್ದು

ಗಂಡಸಾದವನಿಗೆ ವಸ್ತುಗಳ ಮೇಲೆ ಮೋಹ ಇರಬಾರದು ಎಂದು ಹಕೀಮ್ ಒಂದು ಶುಕ್ರವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತಾ ಘೋಷಿಸಿದ. ಅಕ್ಕಿರೊಟ್ಟಿ ಈ ಘೋಷಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅವನು ಮತ್ತೊಂದಕ್ಕೆ ಕೈ ಹಾಕಿದಾಗ ಸ್ಪಷ್ಟವಾಯಿತು.

"ಆ ಬಿಲ್ಲು ಇದ್ದರೆಂತ, ಹೋದರೆಂತ. ಮಾರಿ ಬಿಡುದು. ಹಕೀಮ್ ಒಂದು ಮಾತು ಹೇಳಿದರೆ ಮುಗೀತು."

ಹೆಂಡತಿ ನಶೀದಾ ಕಾವಲಿಯ ಮೇಲಿದ್ದ ರೊಟ್ಟಿ ಮಗುಚಿದಳು. "ಇದೇ ಮಾತು ಹೋದ ರಂಜಾನಿಗೂ ಹೇಳಿದ್ರಿ."

"ಅದು ಆಲೋಚನೆ. ಇದು ತೀರ್ಮಾನ."

ಆಲಂಕಾರು ಪೇಟೆಯಲ್ಲಿ ಹಕೀಮನಿಗೆ ಟೈಲ್ಸ್ ಅಂಗಡಿ. ಅದಕ್ಕೆ ಮೊದಲು ಶಾರ್ಜಾದ ಗೋದಾಮಿನಲ್ಲಿ ವರ್ಷಗಟ್ಟಲೆ ದುಡಿದಿದ್ದ. ಗಲ್ಫಿನಿಂದ ಊರಿಗೆ ಮರಳುವವರು ಕಂಬಳಿ, ಅತ್ತರು, ಹಾಲುಪುಡಿ ತರುತ್ತಾರೆ. ಹಕೀಮ್ ತಂದದ್ದು ಬಿಲ್ಲು. ಗೋದಾಮಿನಲ್ಲಿ ಜೊತೆಗಿದ್ದ ತುರ್ಕಿ ದೇಶದ ಮುದುಕನೊಬ್ಬ ರಜೆಯ ದಿನಗಳಲ್ಲಿ ಅವನನ್ನು ಮರಳುಗಾಡಿಗೆ ಕರೆದೊಯ್ದು ಬಿಲ್ಲುವಿದ್ಯೆ ಕಲಿಸಿದ್ದ. ಹಕೀಮ್ ಹೊರಡುವ ದಿನ ಮುದುಕ ತನ್ನ ಬಿಲ್ಲನ್ನೇ ಅವನ ಕೈಗಿಟ್ಟು, ತಬ್ಬಿಕೊಂಡಿದ್ದ. ಮರ, ಕೋಡು, ನರ ಎಲ್ಲವನ್ನೂ ಪದರ ಪದರವಾಗಿ ಅಂಟಿಸಿ ಮಾಡಿದ ಹಳೇ ಕಾಲದ ಬಿಲ್ಲು ಅದು. ಹೆದೆ ಬಿಚ್ಚಿದರೆ ಹಿಂದಕ್ಕೆ ಬಾಗಿ ಏಡಿಯ ಕಾಲಿನ ಹಾಗೆ ಕಾಣುತ್ತಿತ್ತು. ಹೆದೆ ಏರಿಸಿದರೆ ಮಾತ್ರ ಅದರ ಗತ್ತೇ ಬೇರೆ. ಭಾನುವಾರಗಳಲ್ಲಿ ಹಕೀಮ್ ಹಿತ್ತಿಲಿನಲ್ಲಿ ಬೈಹುಲ್ಲು ತುಂಬಿದ ಗೋಣಿಯನ್ನು ಗುರಿ ಇಟ್ಟು ಬಾಣ ಬಿಡುತ್ತಿದ್ದ. ಅಷ್ಟು ಹೊತ್ತು ಅವನು ಟೈಲ್ಸ್ ವ್ಯಾಪಾರಿಯಲ್ಲ, ಸುಲ್ತಾನ.

ಈ ಸುಲ್ತಾನನಿಗೆ ಕೈ ಕೊಟ್ಟದ್ದು ಅವನ ಭುಜ. ಪುತ್ತೂರಿನ ಡಾಕ್ಟರು ಅವನ ಬಲಗೈಯನ್ನು ಎತ್ತಿ, ತಿರುಗಿಸಿ, ಅವನಿಂದ ನಾನಾ ಬಗೆಯ ಸ್ವರ ಹೊರಡಿಸಿದ ಮೇಲೆ, "ಇನ್ನು ಬಿಲ್ಲು ಮುಟ್ಟಬೇಡಿ. ಹೀಗೇ ಬಿಟ್ಟರೆ ಮುಂದೆ ತಲೆ ಬಾಚಲಿಕ್ಕೂ ಕೈ ಎತ್ತಲಿಕ್ಕೆ ಆಗ್ಲಿಕ್ಕಿಲ್ಲ," ಎಂದಿದ್ದರು.

"ಬಾಚಲಿಕ್ಕೆ ಅಲ್ಲಿ ಎಂತ ಉಂಟು ಡಾಕ್ಟ್ರೆ, ಅದರ ಚಿಂತೆ ಇಲ್ಲ," ಎಂದಿದ್ದಳು ನಶೀದಾ.

ತೀರ್ಮಾನವೇನೋ ಆಯಿತು. ಜಾಹೀರಾತಿಗೆ ಫೋಟೊ ಬೇಕಲ್ಲ. ಹಕೀಮ್ ಬಿಲ್ಲನ್ನು ಗೋಡೆಯಿಂದ ಇಳಿಸಿದ, ಬಟ್ಟೆಯಿಂದ ಒರೆಸಿದ, ಬೆಳಕು ಸರಿಯಿಲ್ಲವೆಂದು ಪುನಃ ಗೋಡೆಗೇರಿಸಿದ. ಮಧ್ಯಾಹ್ನ ಬಿಸಿಲು ಜಾಸ್ತಿ ಎಂದ. ಸಂಜೆ ಮೋಡ ಎಂದ. ಕೊನೆಗೆ ನಶೀದಾಳೇ ಗೋಡೆಯಲ್ಲಿದ್ದ ಹಾಗೆಯೇ ಅದರ ಫೋಟೊ ತೆಗೆದು, 'ಮಾರಾಟಕ್ಕಿದೆ' ಎಂದು ಬರೆದು ತನಗೆ ಗೊತ್ತಿದ್ದ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕಿದಳು. ಅದರಲ್ಲಿ ಒಂದು ಗುಂಪು ಕೋಳಿ ಸಾಕುವವರದ್ದು.

ಮೊದಲ ಫೋನು ಬಂದದ್ದು ಮಂಡೆಕೋಲಿನ ಕುಕ್ಕಪ್ಪ ಗೌಡರಿಂದ. ತೋಟದ ಮನೆಗೆ ಹಕೀಮನ ಅಂಗಡಿಯಿಂದಲೇ ಟೈಲ್ಸ್ ಒಯ್ದವರು.

"ಬಿಲ್ಲು ಕೊಡ್ಲಿಕ್ಕುಂಟಂತೆ ಅಲ್ವಾ? ನನಗೆ ಬೇಕು."

"ಗೌಡ್ರೆ, ನಿಮಗೆ ಬಿಲ್ಲುವಿದ್ಯೆಯಲ್ಲಿ ಆಸಕ್ತಿ ಉಂಟು ಅಂತ ಗೊತ್ತೇ ಇರ್ಲಿಲ್ಲ."

"ವಿದ್ಯೆಯೂ ಇಲ್ಲ, ಗಿದ್ಯೆಯೂ ಇಲ್ಲ ಮಾರಾಯ್ರೆ. ಮಂಗ. ಒಂದು ಎಳನೀರು ಬಿಡುದಿಲ್ಲ. ಹೊಡೆಯುದೆಲ್ಲ ಬೇಡ, ಸುಮ್ಮನೆ ಹಿಡಿದು ನಿಂತರೆ ಹೆದರಿ ಓಡ್ತಾವಾ ಅಂತ."

ಹಕೀಮನಿಗೆ ಮೈಯೆಲ್ಲ ಉರಿಯಿತು. ಸುಲ್ತಾನರ ಸೈನ್ಯದಲ್ಲಿ ಇರಬೇಕಾದ ಬಿಲ್ಲು ಮಂಡೆಕೋಲಿನ ಮಂಗಗಳ ಮುಂದೆ ಬೆದರುಬೊಂಬೆಯಾಗಿ ನಿಲ್ಲುವುದೇ? ಅವನು ನಯವಾಗಿ, ಆಲೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟ. ಆಮೇಲೆ ಕೊಯಿಲದ ಕಡೆಯ ಹೋಂಸ್ಟೇ ಒಂದರಿಂದ ಫೋನು ಬಂತು. ಅವರಿಗೆ ಅದು ಊಟದ ಕೋಣೆಯಲ್ಲಿ ಪ್ಲಾಸ್ಟಿಕ್ ಜಿಂಕೆತಲೆಯ ಪಕ್ಕದಲ್ಲಿ ನೇತುಹಾಕಲು ಬೇಕಿತ್ತು. ಹಕೀಮ್ ಅವರಿಗೆ, ಬಿಲ್ಲಿಗೆ ಮೀನು ಹುರಿಯುವ ಹೊಗೆ ಆಗುವುದಿಲ್ಲ ಎಂದ.

ನಶೀದಾ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. "ಹೋದ ವರ್ಷ ಮಗಳು ಸುಹಾನಾಳಿಗೆ ಗಂಡು ನೋಡುವಾಗ ನೀವು ಇಷ್ಟು ಪ್ರಶ್ನೆ ಕೇಳಿರ್ಲಿಲ್ಲ."

"ಅಳಿಯ ಒಳ್ಳೆಯವ ಅಂತ ನೋಡಿದ ಕೂಡಲೇ ಗೊತ್ತಾಯ್ತು."

"ಬಿಲ್ಲಿಗೆ ಅಂಥವ ಸಿಗುದಿಲ್ಲ. ಬಿಲ್ಲು ಇಲ್ಲೇ ಮುದುಕಿಯಾಗ್ತದೆ."

ಅಷ್ಟರಲ್ಲಿ ಅಂಥವಳೇ ಸಿಕ್ಕಿಬಿಟ್ಟಳು. ಹೆಸರು ನಿಖಿತಾ, ಸುಳ್ಯದವಳು, ಶಾಲೆಯ ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುತ್ತಾಳೆ. ಫೋನಿನಲ್ಲಿ ಅವಳು ಹೆದೆ ಯಾವುದರದ್ದು, ಕೋಡು ಬಿರುಕು ಬಿಟ್ಟಿದೆಯೇ, ಮಳೆಗಾಲದಲ್ಲಿ ಎಲ್ಲಿ ಇಡುತ್ತೀರಿ ಎಂದೆಲ್ಲ ಕೇಳಿದಳು. ಒಂದೊಂದು ಪ್ರಶ್ನೆಗೂ ಹಕೀಮನ ಮುಖ ಇಳಿಯುತ್ತಾ ಹೋಯಿತು. ಬೇಡ ಎನ್ನಲು ಒಂದೇ ಒಂದು ಕಾರಣ ಸಿಗಲಿಲ್ಲ.

"ಭಾನುವಾರ ಬರ್ತಾಳಂತೆ," ಎಂದ, ಯಾರೋ ತೀರಿಹೋದ ಸುದ್ದಿ ಹೇಳುವವನ ಹಾಗೆ.

ಭಾನುವಾರ ನಿಖಿತಾಳ ಸ್ಕೂಟರು ಅಂಗಳಕ್ಕೆ ಬರುವುದೂ, ಅದರ ಹಿಂದೆಯೇ ಒಂದು ಜೀಪು ನುಗ್ಗುವುದೂ ಒಟ್ಟಿಗೇ ಆಯಿತು. ಜೀಪಿನಿಂದ ಇಳಿದವರು ಕುಕ್ಕಪ್ಪ ಗೌಡರು, ಹೆಗಲ ಮೇಲೆ ದೊಡ್ಡದೊಂದು ಹಲಸಿನ ಹಣ್ಣು.

"ಆಲೋಚನೆ ಮಾಡಿ ಹೇಳ್ತೇನೆ ಅಂದಿರಲ್ಲ. ಆಲೋಚನೆಗೆ ಸಹಾಯ ಆಗ್ಲಿ ಅಂತ ತಂದೆ," ಎಂದು ಹಣ್ಣನ್ನು ಜಗಲಿಯ ಮೇಲಿಟ್ಟರು.

ನಶೀದಾ ಇಬ್ಬರಿಗೂ ಶರಬತ್ತು ಕೊಟ್ಟಳು. ನಿಖಿತಾ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ತುದಿಯಿಂದ ತುದಿಗೆ ಬೆರಳಾಡಿಸಿದಳು. ಕುಕ್ಕಪ್ಪ ಗೌಡರು ಬಗ್ಗಿ ನೋಡಿ, "ಇದು ಉಲ್ಟಾ ಬಗ್ಗಿದೆಯಲ್ಲ, ಹಾಳಾಗಿದೆಯಾ ಎಂತ?" ಎಂದರು. ಹಕೀಮನಿಗೆ ತಡೆಯಲಾಗಲಿಲ್ಲ.

"ಇದು ಎಂತ ಅಂತ ಬಾಯಲ್ಲಿ ಹೇಳಿದರೆ ಗೊತ್ತಾಗುದಿಲ್ಲ ಗೌಡ್ರೆ. ನೋಡ್ಬೇಕು. ಬನ್ನಿ ಹಿತ್ತಿಲಿಗೆ."

"ಡಾಕ್ಟ್ರು ಎಂತ ಹೇಳಿದ್ದು?" ಎಂದಳು ನಶೀದಾ.

"ಒಂದೇ ಬಾಣ. ಬೀಳ್ಕೊಡುಗೆಯ ಬಾಣ."

ಹೆದೆ ಏರಿಸುವಾಗಲೇ ಅವನ ಹಣೆಯಲ್ಲಿ ಬೆವರು ಮೂಡಿತು, ಆದರೆ ಏರಿತು. ಅಂಗಿಯ ತೋಳು ಮಡಚಿ, ಗೋಣಿಗೆ ಎದುರಾಗಿ ನಿಂತ. ಬಾಣ ಹೂಡಿ ಎಳೆದ. ಹೆದೆ ಗಲ್ಲ ದಾಟಿ ಕಿವಿಯ ಹತ್ತಿರ ಬಂತು. ಕುಕ್ಕಪ್ಪ ಗೌಡರ ಬಾಯಿ ತೆರೆದುಕೊಂಡಿತು. ಅಲ್ಲಿಗೆ ಭುಜ ಒಣ ಸೌದೆ ಮುರಿದ ಹಾಗೆ ಸಣ್ಣದೊಂದು ಸದ್ದು ಮಾಡಿತು. ಹಕೀಮನಿಗೆ ಈಗ ಬಿಡಲೂ ಆಗದು, ಹಿಂದಕ್ಕೆ ತರಲೂ ಆಗದು. ಮೈ ನಡುಗತೊಡಗಿತು. ನೋವಿಗೆ ಬೆನ್ನು ಹಿಂದಕ್ಕೆ ಬಾಗಿತು, ಬೆನ್ನಿನ ಜೊತೆ ಬಿಲ್ಲು ಆಕಾಶ ನೋಡಿತು, ಬೆರಳು ತಾನಾಗಿ ಜಾರಿತು.

ಗೋಣಿ ಇದ್ದ ಹಾಗೆಯೇ ಇತ್ತು. ತಾರಸಿಯ ಮೇಲಿನಿಂದ ಕುಂಬಳಕಾಯಿಗೆ ಕತ್ತಿ ಹಾಕಿದಂಥ ಶಬ್ದ ಕೇಳಿಸಿತು.

ಎಲ್ಲರೂ ತಲೆ ಎತ್ತಿದರು. ಕಪ್ಪು ನೀರಿನ ಟ್ಯಾಂಕಿಯ ಹೊಟ್ಟೆಯಲ್ಲಿ ಬಾಣ ನೆಟ್ಟಗೆ ನಿಂತಿತ್ತು. ಒಂದೆರಡು ಹನಿ ಒಸರುತ್ತಿದ್ದುದು ಬಿಟ್ಟರೆ ಟ್ಯಾಂಕಿ ಗಂಭೀರವಾಗಿಯೇ ಇತ್ತು.

"ಅದನ್ನು ಕೀಳ್ಬೇಡಿ ಅಂಕಲ್," ಎಂದಳು ನಿಖಿತಾ. "ಅದೇ ಬಿರಡೆಯ ಹಾಗೆ ಕೂತುಂಟು."

ಆದರೆ ಹಕೀಮನಿಗೆ ಆಗ ಇದ್ದ ಚಿಂತೆ ನೀರಿನದ್ದಲ್ಲ. ಟ್ಯಾಂಕಿ ಮುಖ್ಯರಸ್ತೆಗೆ ಕಾಣುತ್ತದೆ. ಜುಮ್ಮಾ ಮುಗಿಸಿ ಬರುವವರು, ಬಸ್ಸಿಗೆ ಕಾಯುವವರು, ಟೈಲ್ಸ್ ಕೊಳ್ಳಲು ಬರುವವರು ಎಲ್ಲರೂ ಅದನ್ನು ನೋಡಿ ಕಥೆ ಕೇಳುತ್ತಾರೆ. ಅವನು ಬಿಲ್ಲನ್ನು ನಿಖಿತಾಳ ಕೈಗೆ ತುರುಕಿ ಮೆಟ್ಟಿಲು ಹತ್ತಿದ. ಬಲಗೈ ಮೇಲೇಳಲಿಲ್ಲ. ಎಡಗೈಯಿಂದಲೇ ಬಾಣ ಹಿಡಿದು ಕಿತ್ತ.

ಟ್ಯಾಂಕಿ ಅವನ ಎದೆಗೇ ಗುರಿಯಿಟ್ಟು ಹೊಡೆಯಿತು. ಗುರಿ ಒಂದಿಷ್ಟೂ ತಪ್ಪಲಿಲ್ಲ. ಅವನು ಪಕ್ಕಕ್ಕೆ ಹಾರಿದ್ದೇ ತಡ, ನೀರಿನ ಧಾರೆ ತಾರಸಿಯುದ್ದಕ್ಕೂ ಹೋಗಿ, ನಶೀದಾ ಚಾಪೆಯ ಮೇಲೆ ಒಣಗಿಸಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆ ಬಿತ್ತು. ಹಪ್ಪಳಗಳು ಒಂದೊಂದಾಗಿ ತೇಲುತ್ತಾ ಪೈಪಿನ ಬಾಯಿಯ ಕಡೆ ಮೆರವಣಿಗೆ ಹೊರಟವು. ಹಕೀಮ್ ಬೇರೇನೂ ತೋಚದೆ ತೂತಿಗೆ ಎಡಗೈ ಹೆಬ್ಬೆರಳು ಇಟ್ಟು ಒತ್ತಿದ. ನೀರು ನಿಂತಿತು. ಹಕೀಮನೂ ಅಲ್ಲೇ ನಿಂತ.

ನಶೀದಾ ಮೇಲೆ ಬಂದಳು. ಚಾಪೆ ನೋಡಿದಳು, ಗಂಡನನ್ನು ನೋಡಿದಳು.

"ಹಪ್ಪಳ ಎಲ್ಲಿ?"

"ಪೈಪಿನಲ್ಲಿ ಉಂಟು."

"ನೀವು ಅಲ್ಲೇ ಇರಿ," ಎಂದು ಹೇಳಿ ಕೆಳಗೆ ಹೋದಳು. ಕುಕ್ಕಪ್ಪ ಗೌಡರ ಸಲಹೆಯಂತೆ ಮನೆಯ ನಲ್ಲಿಗಳನ್ನೆಲ್ಲ ತೆರೆದು, ಬಕೆಟು, ಕೊಡಪಾನ, ಕಡೆಗೆ ಬಿರಿಯಾನಿ ಬೇಯಿಸುವ ದೊಡ್ಡ ಚೆಂಬಿಗೂ ನೀರು ತುಂಬಿಸತೊಡಗಿದಳು. ಟ್ಯಾಂಕಿಯ ನೀರು ತೂತಿಗಿಂತ ಕೆಳಗಿಳಿಯುವ ತನಕ ಹಕೀಮ್ ಬೆರಳು ತೆಗೆಯುವ ಹಾಗಿರಲಿಲ್ಲ.

ಅಲ್ಲಿಂದ ಅವನಿಗೆ ಹಿತ್ತಿಲು ಚೆನ್ನಾಗಿ ಕಾಣುತ್ತಿತ್ತು. ನಿಖಿತಾ ಹೆದೆಯನ್ನು ಮೆಲ್ಲಗೆ ಎಳೆದು ನೋಡಿದಳು, ತಲೆಯಾಡಿಸಿದಳು. ಒಯ್ಯುತ್ತಾಳೆ, ಇಂದೇ ಒಯ್ಯುತ್ತಾಳೆ.

"ಅಂಕಲ್," ಎಂದು ಅವಳು ಮೇಲೆ ನೋಡಿ ಕೂಗಿದಳು, "ಬಿಲ್ಲು ತುಂಬಾ ಚೆಂದ ಉಂಟು. ಆದರೆ ನನಗೆ ಬೇಡ."

ಹಕೀಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮಗಳನ್ನು ನೋಡಲು ಬಂದವರು ತಿಂಡಿ ತಿಂದು ಬೇಡವೆಂದು ಎದ್ದುಹೋದ ಹಾಗೆ ಆಯಿತು.

"ಬೇಡ ಅಂದರೆ ಎಂತ? ಅದರಲ್ಲಿ ಎಂತ ಕೊರತೆ ಉಂಟು?"

"ಕೊರತೆ ಇಲ್ಲ. ಬಿಗಿ ಜಾಸ್ತಿ. ನನ್ನ ಮಕ್ಕಳಿಗೆ ಎಳೀಲಿಕ್ಕೆ ಆಗುದಿಲ್ಲ."

"ಮಕ್ಕಳು ದೊಡ್ಡವರಾಗುದಿಲ್ವಾ? ಇಂಥದ್ದು ಬೇರೆ ಎಲ್ಲಿ ಸಿಗ್ತದೆ? ರೇಟು ಕಡಿಮೆ ಮಾಡುವ. ಬಾಣ ಎಲ್ಲ ಫ್ರೀ." ತೂತಿನ ಬದಿಯಿಂದ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಅವನು ಬೆರಳು ಸರಿಮಾಡಿಕೊಂಡು ವ್ಯಾಪಾರ ಮುಂದುವರಿಸಿದ. "ಗೌಡ್ರೆ, ಹೋಗ್ಲಿ, ನೀವು ಮೊದಲು ಕೇಳಿದವರು. ನಿಮಗೇ ಕೊಡುವ."

ಕುಕ್ಕಪ್ಪ ಗೌಡರು ಬಿಲ್ಲನ್ನು ನೋಡಿದರು, ಟ್ಯಾಂಕಿಯನ್ನು ನೋಡಿದರು.

"ನನಗೂ ಬೇಡ ಮಾರಾಯ್ರೆ. ಮಂಗ ಇದ್ದಲ್ಲೇ ಇರ್ತದೆ, ನನ್ನ ಟ್ಯಾಂಕಿ ಹೋಗ್ತದೆ."

ಅಡುಗೆಮನೆಯ ಕಿಟಕಿಯಿಂದ ನಶೀದಾಳ ನಗು ಕೇಳಿಸಿತು. ಅವಳು ಸಾಮಾನ್ಯವಾಗಿ ಸದ್ದು ಮಾಡಿ ನಗುವವಳಲ್ಲ. ಅವತ್ತು ಕೈಯಲ್ಲಿದ್ದ ಕೊಡಪಾನ ಕೆಳಗಿಟ್ಟು ನಕ್ಕಳು. ಅವಳನ್ನು ನೋಡಿ ನಿಖಿತಾ ನಕ್ಕಳು, ಕುಕ್ಕಪ್ಪ ಗೌಡರು ಜಗಲಿಯಲ್ಲಿ ಕುಳಿತುಕೊಂಡು ನಕ್ಕರು. ಮೇಲೆ ಒದ್ದೆಯಾಗಿ ನಿಂತಿದ್ದ ಹಕೀಮ್ ಸ್ವಲ್ಪ ಹೊತ್ತು ಗಂಭೀರವಾಗಿರಲು ಪ್ರಯತ್ನಿಸಿದ. ಕೊನೆಗೆ ಅವನೂ ನಕ್ಕಾಗ ಬೆರಳು ಜಾರಿ ಇನ್ನೊಂದು ಸಲ ಸ್ನಾನವಾಯಿತು.

ಅವತ್ತು ನಾಲ್ವರೂ ಕೂತು ಹಲಸಿನ ಹಣ್ಣು ಬಿಡಿಸಿ ತಿಂದರು. ಹಕೀಮನ ಬಲಗೈ ಶಾಲಿನಲ್ಲಿ ಕುತ್ತಿಗೆಯಿಂದ ನೇತಾಡುತ್ತಿತ್ತು. ಹೊರಡುವಾಗ ನಿಖಿತಾ, "ಮಾರ್ಬೇಡಿ ಅಂಕಲ್, ಇಂಥದ್ದು ಕೊಟ್ಟರೆ ಮತ್ತೆ ಸಿಗುದಿಲ್ಲ," ಎಂದಳು. ಹಕೀಮ್ ಎಡಗೈ ಬೀಸಿ, ಮಾತು ಎಂದರೆ ಮಾತು, ಮಾರಿಯೇ ಸಿದ್ಧ, ಆ ದುಡ್ಡಿನಲ್ಲೇ ಹೊಸ ಟ್ಯಾಂಕಿ ತರುವುದು ಎಂದ. ಅಲ್ಲಿಯ ತನಕ ಕಾಯಲಾಗದ ನಶೀದಾ ಮರುದಿನ ಕಡಬದಿಂದ ಹೊಸ ಟ್ಯಾಂಕಿ ತರಿಸಿ, ಹೊಲಿಗೆಯಲ್ಲಿ ತಾನು ದುಡಿದಿಟ್ಟ ಹಣದಿಂದ ಟ್ಯಾಂಕಿಯ ಬಿಲ್ಲು ಕೊಟ್ಟಳು.

ಅದಾಗಿ ಕೆಲವು ದಿನ ಕಳೆದಿರಬೇಕು. ಸಂಜೆ ಅಂಗಡಿಯಿಂದ ಬಂದ ಹಕೀಮ್ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಗೋಡೆ ಖಾಲಿ. ಮೊಳೆ ಮಾತ್ರ ಇತ್ತು.

"ಬಿಲ್ಲು ಎಲ್ಲಿ?"

"ಹೋಯ್ತು," ಎಂದಳು ನಶೀದಾ. ಸೋಫಾದಲ್ಲಿ ಕೂತು ಸೂಜಿಗೆ ನೂಲು ಪೋಣಿಸುತ್ತಿದ್ದಳು. "ಕಡೆಗೂ ಒಂದು ಗಿರಾಕಿ ಸಿಕ್ಕಿತು."

ಹಕೀಮ್ ಕುರ್ಚಿಯಲ್ಲಿ ಕುಸಿದ. ಮರಳುಗಾಡು ಕಣ್ಣಿಗೆ ಬಂತು, ಬಿಳಿಗಡ್ಡದ ಮುದುಕ ಬಂದ. ಅಂಗಡಿಯಲ್ಲಿ ಒಡೆದ ಟೈಲ್ಸಿಗೂ ಗಿರಾಕಿ ಹಿಡಿಯುವ ಮನುಷ್ಯ ಒಂದು ಲೋಟ ನೀರು ಕುಡಿದು, ಸಣ್ಣ ಸ್ವರದಲ್ಲಿ ಹೇಳಿದ:

"ನನಗೆ ಮಾರುವ ಮನಸ್ಸೇ ಇರ್ಲಿಲ್ಲ ನಶೀದಾ."

"ಅದು ನನಗೆ ಮೊದಲೇ ಗೊತ್ತುಂಟು."

"ಮತ್ತೆ ಯಾಕೆ ಕೊಟ್ಟೆ? ಯಾರಿಗೆ ಕೊಟ್ಟೆ ಹೇಳು. ದುಡ್ಡು ವಾಪಸ್ ಕೊಡುವ. ಅವರ ಕಾಲು ಹಿಡಿದಾದರೂ ತರ್ತೇನೆ."

ನಶೀದಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬದಿಗಿಟ್ಟಳು. "ಟ್ಯಾಂಕಿಯ ಬಿಲ್ಲು ಕೊಟ್ಟದ್ದು ಯಾರು?"

"ನೀನು."

"ಹಾಗಾದರೆ ಬಿಲ್ಲು ಯಾರದ್ದು?"

ಹಕೀಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖ ಪೆರ್ನಾಲ್ ಹಬ್ಬದ ಚಂದ್ರ ಕಂಡವನದ್ದಾಯಿತು. "ಎಲ್ಲಿಟ್ಟಿದ್ದಿ?"

"ನನ್ನ ಕಪಾಟಿನಲ್ಲಿ, ಮದುವೆ ಸೀರೆಯ ಒಟ್ಟಿಗೆ. ಕೀ ನನ್ನ ಸೊಂಟದಲ್ಲಿ ಉಂಟು." ಅವಳು ಸೋಫಾಕ್ಕೆ ಆರಾಮವಾಗಿ ಒರಗಿ, ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿದಳು. "ಒಂದು ಹಿಡಿದರೆ ನೋಡ್ಲಿಕ್ಕೆ ಸಿಗ್ತದೆ. ಎರಡೂ ಹಿಡಿದರೆ ಮುಟ್ಲಿಕ್ಕೆ."

ಹಕೀಮ್ ಎರಡೂ ಹಿಡಿದ.