ವಾಸನೆಗೆ ಮದ್ದು

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಹಿಡಿ ಒಣಮೆಣಸಿನಕಾಯಿ. ಮೇಲಿನ ಮನೆಯಲ್ಲಿ ಪುಕ್ಕಲಪ್ಪನ ಹೆಂಡತಿ ಅದನ್ನು ಹುರಿದಳು, ಕೆಳಗಿನ ಮನೆಯಲ್ಲಿ ಓನರ್ ಮಗಳು ಕೆಮ್ಮಿದಳು. ಪಾಪ, ಉಬ್ಬಸದ ಹುಡುಗಿ. ಗಂಡನ ಜೊತೆ ಎಲ್ಲಿ ಬಾಡಿಗೆಗೆ ಹೋದರೂ ಒಲೆಯ ಘಾಟಿಗೆ ಉಸಿರು ಕಟ್ಟಿ ಮನೆ ಬಿಡುವುದು, ಅಪ್ಪನ ಹತ್ತಿರ ಬರುವುದು. ಬಂದರೆ ಇಲ್ಲೂ ಅದೇ ಗೋಳು.

ಓನರ್ ಮೆಟ್ಟಿಲು ಹತ್ತಿ ಬಂದೇಬಿಟ್ಟರು. "ನೋಡ್ರೀ, ಭಾನುವಾರ ಮಗಳು ಮತ್ತೆ ಬರ್ತಾಳೆ. ಅವಳು ಒಂದೇ ಒಂದು ಸಲ ಕೆಮ್ಮಿದ್ರೂ ನಿಮ್ಮ ಪಾತ್ರೆಪಗಡ ಎಲ್ಲಾ ಬೀದೀಲಿರುತ್ತೆ, ಗೊತ್ತಾಯ್ತಾ?"

ಪುಕ್ಕಲಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಹಗ್ಗ ಕಂಡರೂ ಹಾವೆಂದು ಹಾರುವವನನ್ನು ಬೀದಿಯವರು ಇನ್ನೇನೆಂದು ಕರೆದಾರು? ಓನರ್ ಇಳಿದು ಹೋದದ್ದೇ ತಡ, ಬಾಗಿಲಿಗೆ ಎರಡೆರಡು ಚಿಲಕ ಹಾಕಿದ. ಅದರ ಮೇಲೆ ಹೆಂಡತಿಯ ಮಾತು ಬೇರೆ.

"ಈ ಮನೆ ಸಿಗೋಕೆ ಎಷ್ಟು ಅಲೆದಿದೀವಿ, ನೆನಪಿದೆಯಾ? ಇದೂ ಹೋದ್ರೆ ನಾನು ನಮ್ಮಮ್ಮನ ಮನೆಗೆ. ನೀವು ನಿಮ್ಮ ಅಂಗಡೀಲೇ ಚಾಪೆ ಹಾಸ್ಕೊಳ್ಳಿ."

ಅಂಗಡಿ ಎಂದರೆ ನೀರಿನ ಫಿಲ್ಟರ್ ಮಾರುವ ಅಂಗಡಿ. ಪುಕ್ಕಲಪ್ಪ ಅಲ್ಲಿ ಬಿಲ್ ಬರೆಯುತ್ತಿದ್ದ. ಮಾರನೆಯ ದಿನ ಅವನ ಮುಖ ನೋಡಿ ಅಲ್ಲಿನ ಮೆಕ್ಯಾನಿಕ್ಕಿಗೇ ಕನಿಕರ ಬಂತು.

"ಇಷ್ಟಕ್ಕೆಲ್ಲ ಅಳ್ತಾರೇನ್ರೀ? ಫಿಲ್ಟರ್ ಒಳಗಿನ ಕರಿ ಪುಡಿ ನೀರಿನ ವಾಸನೆ ಕುಡಿಯಲ್ವಾ? ಅದೇ ಪುಡಿ ಗಾಳಿ ವಾಸನೇನೂ ಕುಡಿಯುತ್ತೆ. ತೆಂಗಿನ ಚಿಪ್ಪು, ಕಡಲೆಕಾಯಿ ಸಿಪ್ಪೆ, ಎಲ್ಲಾ ಬಿಸಾಕೋ ಕಸವೇ. ಅದನ್ನ ಗಾಳಿ ಆಡದ ಹಾಗೆ ಸುಟ್ಟು ಇದ್ದಿಲು ಮಾಡಿ, ಕೆಂಪಗೆ ಕಾದಿರುವಾಗ ಹಬೆ ಹಾಯಿಸಿದ್ರೆ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಘಾಟೆಲ್ಲ ಹೋಗಿ ಅದರಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ವಾಸನೆಗೆ ಇದಕ್ಕಿಂತ ಮದ್ದಿಲ್ಲ!"

ಅಂಗಡಿಯ ಹಿಂದಿನ ಕಮ್ಮಾರನ ಕುಲುಮೆಯಲ್ಲಿ ಇಬ್ಬರೂ ಸೇರಿ ಚಿಪ್ಪು ಸಿಪ್ಪೆಗಳನ್ನು ಸುಟ್ಟು, ಹಬೆ ಹಾಯಿಸಿ, ಪುಡಿ ಮಾಡಿದರು. ಭಾನುವಾರ ಬೆಳಿಗ್ಗೆ ಪುಕ್ಕಲಪ್ಪ ಆ ಪುಡಿಯನ್ನು ಜಾಲರಿಯ ಡಬ್ಬಕ್ಕೆ ತುಂಬಿ, ಒಲೆಯ ಮೇಲಿನ ಫ್ಯಾನಿನ ಬಾಯಿಗೆ ಕಟ್ಟಿದ. ಕೆಂಪು ವೈರೊಂದು ಜೋತಾಡುತ್ತಿತ್ತು. ಅದನ್ನು ಎಲ್ಲಿಗೆ ಸಿಕ್ಕಿಸಬೇಕೆಂದು ಕೇಳಬೇಕಿತ್ತು. ಮನೆಯೊಳಗೆ ಫೋನು ಸರಿಯಾಗಿ ಕೇಳಿಸುವುದಿಲ್ಲವೆಂದು ಮೆಟ್ಟಿಲ ಹತ್ತಿರ ಬಂದು ಮೆಕ್ಯಾನಿಕ್ಕಿಗೆ ಫೋನು ಹಚ್ಚಿದ.

"ಮದ್ದು ರೆಡಿ. ಡಬ್ಬ ತುಂಬಾ ಗಟ್ಟಿಯಾಗಿ ತುಂಬಿದೀನಿ. ವೈರೊಂದು ಬಾಕಿ... ಹ್ಞಾಂ, ಓನರ್ ಮಗಳು ಬರೋ ಹೊತ್ತಿಗೆ ಸರಿಯಾಗಿ ಸ್ವಿಚ್ ಒತ್ತಿಬಿಡ್ತೀನಿ. ಆಮೇಲೆ ಆ ಮನೇಲಿ ಯಾರೂ ಕೆಮ್ಮಲ್ಲ ಬಿಡಿ, ಈ ಜನ್ಮದಲ್ಲಿ!"

ಎದುರುಮನೆ ಬಾಗಿಲ ಸಂದಿಯಲ್ಲಿ ಟೈಲರಮ್ಮ ನಿಂತಿದ್ದರು. ಬೇರೆಯವರ ಮಾತು ಕೇಳುವುದು ಅವರಿಗೆ ಅಳತೆ ತೆಗೆಯುವಷ್ಟೇ ಅಭ್ಯಾಸ. ಮದ್ದು, ಡಬ್ಬ, ವೈರು, ಸ್ವಿಚ್ಚು! ಕುತ್ತಿಗೆಯ ಟೇಪು ಜಾರಿ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಪುಕ್ಕಲಪ್ಪ ಒಳಗೆ ಹೋದದ್ದೇ ತಡ, ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಓನರ್ ಕಿವಿಯಲ್ಲಿ ಊದಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆಸಾಮಿ ಓನರ್. ಬೀದಿಗೆ ಹಾರಿ, ಕೈ ಬಾಯಿಗಿಟ್ಟು ಕೂಗಿಕೊಂಡರು.

"ಎಲ್ಲಾ ಹೊರಗೆ ಬನ್ನೀ! ಬಿಲ್ಡಿಂಗಲ್ಲಿ ಮದ್ದಿಟ್ಟಿದಾರೆ! ಈಗ ಸಿಡಿಯುತ್ತೆ!"

ಕೂಗು ಪುಕ್ಕಲಪ್ಪನ ಕಿವಿಗೂ ಬಿತ್ತು. ಬಿಲ್ಡಿಂಗಲ್ಲಿ ಮದ್ದು! ಯಾವ ಮದ್ದು, ಯಾರ ಮದ್ದು ಎಂದು ಯೋಚಿಸುವ ಜಾಯಮಾನ ಅವನದಲ್ಲ. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿದ. ಮೆಟ್ಟಿಲಲ್ಲಿ ಓಡುತ್ತಿದ್ದವರನ್ನೆಲ್ಲ ಹಿಂದೆ ಹಾಕಿ, ಬೀದಿಯ ಕೊನೆಯ ನೀರಿನ ಟ್ಯಾಂಕಿನ ಮರೆಯಲ್ಲಿ ಮುದುರಿ ಕುಳಿತ. ಅಲ್ಲೇ ಅಡಗಿದ್ದ ಟೈಲರಮ್ಮನನ್ನು ಕಂಡು ಸ್ವಲ್ಪ ಧೈರ್ಯವಾಯಿತು.

"ಯಾರಕ್ಕಾ ಆ ಪಾಪಿ? ಮಕ್ಕಳುಮರಿ ಇರೋ ಮನೆ ಅಂತ ಒಂಚೂರಾದ್ರೂ ಬೇಡ್ವಾ ಅವನಿಗೆ?"

ಟೈಲರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಬೆರಳನ್ನು ಅವನತ್ತ ಚಾಚಿದರು. ಪುಕ್ಕಲಪ್ಪ ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಾನಾ?"

ಅಷ್ಟರಲ್ಲಿ ಓನರ್ ಕೋಲು ಹಿಡಿದು ಬಂದರು, ಅವರ ಹಿಂದೆ ಅರ್ಧ ಬೀದಿ. "ಏನಯ್ಯಾ ಅದು ಡಬ್ಬ? ನನ್ನ ಮಗಳು ಬರೋ ಹೊತ್ತಿಗೆ ಅದ್ಯಾವ ಸ್ವಿಚ್ಚು?"

"ಅಯ್ಯೋ, ಅದು ವಾಸನೆಗೆ ಮದ್ದು ಸಾರ್! ಸುಡೋ ಮದ್ದಲ್ಲ! ಬರೀ ಚಿಪ್ಪಿನ ಇದ್ದಿಲು!"

"ಇದ್ದಿಲಂತೆ!" ಗುಂಪಿನಲ್ಲಿ ಯಾರೋ ಗೊಣಗಿದರು. "ಇದ್ದಿಲಿಲ್ಲದೆ ಪಟಾಕಿ ಮದ್ದಾಗುತ್ತೇನ್ರೀ?"

ಪುಕ್ಕಲಪ್ಪ ಟ್ಯಾಂಕಿಗೆ ಇನ್ನಷ್ಟು ಒತ್ತಿಕೊಂಡ. ಹೌದಲ್ಲ! ಪಟಾಕಿಯೊಳಗೂ ಇದ್ದಿಲೇ ತಾನೆ? ಮೆಕ್ಯಾನಿಕ್ ಏನಾದರೂ ಹೆಚ್ಚುಕಡಿಮೆ ಹೇಳಿದ್ದರೆ? ಹಬೆ ಹೆಚ್ಚಾಗಿದ್ದರೆ? ತನ್ನ ಡಬ್ಬ ನೆನೆದು ತನಗೇ ಬೆವರು ಕಿತ್ತು ಬಂತು. ಆಗಲೇ ಬಾಲ್ಕನಿಯಿಂದ ಹೆಂಡತಿಯ ದನಿ ಕೇಳಿಸಿತು.

"ರೀ! ಸ್ವಿಚ್ ಹಾಕ್ಲಾ? ಮೆಣಸಿನಕಾಯಿ ಒಲೆ ಮೇಲಿದೆ!"

"ಬೇಡಾ!" ಇಡೀ ಬೀದಿ ಒಟ್ಟಿಗೆ ಕಿರುಚಿತು.

"ನಡೀರಿ, ನೀವೇ ಮುಂದೆ," ಎಂದು ಓನರ್ ಕೋಲಿನಿಂದ ಅವನನ್ನು ತಿವಿದರು. ಮಾಡಿದ್ದುಣ್ಣೋ ಮಹರಾಯ! ಪುಕ್ಕಲಪ್ಪ ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರನ್ನು ನೆನೆಯುತ್ತ ಹತ್ತಿದ. ಅಡುಗೆಮನೆಯಲ್ಲಿ ಅವನು ವೈರನ್ನು ಎರಡು ಸಲ ತಪ್ಪು ಜಾಗಕ್ಕೆ ತುರುಕಿದ್ದು ನೋಡಿ ಹೆಂಡತಿಯೇ ಕಸಿದುಕೊಂಡು ಸಿಕ್ಕಿಸಿದಳು. ಬಾಗಿಲಾಚೆ ಎಲ್ಲರೂ ಕಿವಿ ಮುಚ್ಚಿ ನಿಂತರು. ಪುಕ್ಕಲಪ್ಪ ಕಣ್ಣು ಮುಚ್ಚಿ, ದೂರ ನಿಂತು, ಪೊರಕೆಯ ಹಿಡಿಯಿಂದ ಸ್ವಿಚ್ಚನ್ನು ಒತ್ತಿದ.

ಫ್ಯಾನು ಗುಂಯ್ ಎಂದಿತು. ಮತ್ತೇನೂ ಆಗಲಿಲ್ಲ.

"ಇದೇನಪ್ಪಾ, ಎಲ್ಲಾ ಕಿವಿ ಮುಚ್ಕೊಂಡು ನಿಂತಿದೀರಿ?" ಓನರ್ ಮಗಳು ಬ್ಯಾಗು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು.

"ಒಳಗೆ ಬರಬೇಡಮ್ಮ! ಮೆಣಸಿನಕಾಯಿ ಹುರೀತಿದಾರೆ!" ಎಂದು ಓನರ್ ಅಡ್ಡ ಬಂದರು. ಹುಡುಗಿ ಅದಾಗಲೇ ಅಡುಗೆಮನೆಯ ಹೊಸ್ತಿಲಲ್ಲಿದ್ದಳು. ಎಲ್ಲರೂ ಅವಳ ಬಾಯನ್ನೇ ನೋಡಿದರು. ಪುಕ್ಕಲಪ್ಪನ ಮನೆ, ಹೆಂಡತಿ, ಪಾತ್ರೆಪಗಡ ಎಲ್ಲವೂ ಆ ಒಂದು ಕೆಮ್ಮಿನ ಮೇಲೆ ನಿಂತಿದ್ದವು.

ಹುಡುಗಿ ಉಸಿರೆಳೆದಳು. ಬಿಟ್ಟಳು. ಇನ್ನೂ ಆಳವಾಗಿ ಎಳೆದಳು. "ಅಪ್ಪಾ, ಘಾಟೇ ಇಲ್ಲ! ಎಷ್ಟು ಹಾಯಾಗಿದೆ ಇಲ್ಲಿ!"

ಓನರ್ ಕಣ್ಣಲ್ಲಿ ನೀರು ಬಂತು. ಕೋಲು ಎಸೆದು ಪುಕ್ಕಲಪ್ಪನನ್ನು ತಬ್ಬಿಕೊಂಡರು. "ನನ್ನ ಮಗಳಿಗೆ ಉಸಿರು ಕೊಟ್ರಿ! ನಿಮ್ಮ ಉಪಕಾರ ಸತ್ರೂ ಮರೆಯಲ್ಲ!" ಜೀವನದಲ್ಲಿ ಮೊದಲ ಸಲ ಪುಕ್ಕಲಪ್ಪನಿಗೆ ಭಯ ಅನ್ನುವುದು ಪೂರ್ತಿ ಹೋಗಿತ್ತು. ಮೀಸೆಯ ಮೇಲೂ ಒಮ್ಮೆ ಕೈಯಾಡಿಸಿದ.

"ಇವಳಿಗೆ ಒಗ್ಗೋ ಮನೆ ಹುಡುಕಿ ಹುಡುಕಿ ಸಾಕಾಗಿತ್ತು," ಎಂದರು ಓನರ್, ಕಣ್ಣೊರೆಸುತ್ತ. "ನನ್ನ ತಲೆ ಮೇಲೇ ಇತ್ತು ನೋಡಿ! ಇನ್ಮೇಲೆ ಮಗಳು ಅಳಿಯ ಇಲ್ಲೇ ಇರಲಿ. ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ, ಆಯ್ತಾ? ಆ ಡಬ್ಬ ಒಂದನ್ನ ಮಾತ್ರ ಮುಟ್ಟಬೇಡಿ."

ಎಲ್ಲರೂ ಇಳಿದುಹೋದರು. ಪುಕ್ಕಲಪ್ಪ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಒಂದರಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅವಳದು.

"ಮದ್ದು ಅಂತ ಕೂಗಿದಾಗ ನನ್ನ ಚಪ್ಪಲೀನ ಜೊತೆಗೆ ಕರ್ಕೊಂಡು ಓಡಿದೀರಿ," ಎಂದಳು ಅವಳು, ಬಾಗಿಲ ಚಿಲಕ ಹಾಕುತ್ತ. "ನನ್ನನ್ನ ಯಾಕ್ರೀ ಬಿಟ್ರಿ?"